ಇನ್ಸುಲಿನ್ ಡಬ್ಬಿಯ ಮೇಲೆ ಅಣ್ಣನ ಮುಖ

ನಮ್ಮ ಕಡೆ ಹೆಸರು ಹಾಕಿಸದೆ ಯಾರೂ ಏನನ್ನೂ ಕೊಡುವುದಿಲ್ಲ. ಗೃಹಪ್ರವೇಶಕ್ಕೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುತ್ತೇವೆ. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟರೆ ಅದರ ಮೇಲೆ ಇಡೀ ವಂಶದ ಹೆಸರು ಬರೆಸಿ, ಬೆಳಕು ಬರುವುದಕ್ಕೆ ಕೊನೆಯಲ್ಲಿ ಸ್ವಲ್ಪ ಜಾಗ ಬಿಡುತ್ತೇವೆ. ನಮ್ಮಣ್ಣ ಹೆಬ್ಬಾಳದ ಬಸ್‌ಸ್ಟಾಪಿಗೆ ಸಿಮೆಂಟ್ ಬೆಂಚು ಹಾಕಿಸಿದಾಗ ಕೂರುವ ಜಾಗದಲ್ಲೇ ತನ್ನ ಫೋಟೋ ಹಾಕಿಸಿದ್ದ. ದಿನಾ ಜನ ನಿನ್ನ ಮುಖದ ಮೇಲೆ ಕೂರುತ್ತಾರಲ್ಲೋ ಎಂದು ನಾನು ಹೇಳಿದ್ದಕ್ಕೆ ಯುಗಾದಿಯಿಂದ ಗೌರಿ ಹಬ್ಬದವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದ. ಗೌರಿ ಹಬ್ಬಕ್ಕೆ ಬಾಗಿನ ಕೊಡಬೇಕಲ್ಲ, ಬೇರೆ ದಾರಿಯಿಲ್ಲದೆ ಬಂದ.

ಅಣ್ಣ ಕಾರ್ಪೊರೇಷನ್ ಚುನಾವಣೆಯ ಅಭ್ಯರ್ಥಿ. ಚುನಾವಣೆ ನಡೆದು ವರ್ಷಗಳಾದವು, ಮುಂದಿನದು ಯಾವಾಗ ಎಂದು ದೇವರಿಗೂ ಗೊತ್ತಿದ್ದಂತಿಲ್ಲ. ಆದರೂ ಅವನು ಅಭ್ಯರ್ಥಿ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ, ನೆಲಮಹಡಿಯಲ್ಲಿ ‘ಜನಸೇವಾ ಕಚೇರಿ’ ಎಂದು ಬೋರ್ಡು ಹಾಕಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಸೇವೆ ಮಾಡಿಸಿಕೊಳ್ಳುವ ಜನರಿಗಾಗಿ ಕಾಯುತ್ತಾನೆ. ನಾನು ಅವನ ತಂಗಿ. ಸಂಜಯನಗರದಲ್ಲಿ ಒಂದು ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಜನರ ಕಾಯಿಲೆಗಳೆಲ್ಲ ನನಗೆ ಗೊತ್ತಿರುವುದರಿಂದ ನನಗೆ ಯಾರ ಮೇಲೂ ಅತಿಯಾದ ಗೌರವ ಉಳಿದಿಲ್ಲ.

ಅಂಗಡಿಯ ಮೇಲಿನ ರೂಮಿನಲ್ಲಿ ಒಬ್ಬ ಹುಡುಗ ಬಾಡಿಗೆಗಿದ್ದಾನೆ. ಆಫ್ರಿಕಾದವನು, ಇಲ್ಲಿ ಫಾರ್ಮಸಿ ಓದುತ್ತಾನೆ. ಮೊದಲು ಚಿಕ್ಕಬಾಣಾವರದಲ್ಲಿ ಕಾಲೇಜಿನ ಹತ್ತಿರ ತನ್ನ ದೇಶದ ಹುಡುಗರ ಜೊತೆ ಒಂದೇ ಮನೆಯಲ್ಲಿದ್ದ. ಅವರ ದೇಶದಲ್ಲಿ ಯುದ್ಧ ಶುರುವಾದ ಮೇಲೆ ಅದು ಆ ಮನೆಯ ಅಡುಗೆಮನೆಗೂ ಬಂತು. ಒಬ್ಬ ಆ ಕಡೆ, ಇನ್ನೊಬ್ಬ ಈ ಕಡೆ, ಕುಕ್ಕರ್ ಒಂದೇ. ಕೊನೆಗೆ ಇವನು ಕುಕ್ಕರ್ ಬಿಟ್ಟುಕೊಟ್ಟು ಇಲ್ಲಿಗೆ ಬಂದ. ದೇಶದ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾನೆ, ಅವನ ಕಡೆಯವರು ಇನ್ನೂ ಅಲ್ಲಿದ್ದಾರೆ. ಸೈನ್ಯಕ್ಕೂ, ಸೈನ್ಯದ ಮಡಿಲಲ್ಲೇ ಬೆಳೆದು ಆಮೇಲೆ ತಿರುಗಿಬಿದ್ದ ಇನ್ನೊಂದು ಪಡೆಗೂ ಜಗಳ. ಬಂದರು ಸೈನ್ಯದ ಕೈಯಲ್ಲಿದೆ, ಇವನ ಊರು ಪಡೆಯ ಕೈಯಲ್ಲಿದೆ. ಪಡೆಯವರು ಊರನ್ನು ಹಿಡಿಯುವಾಗ ಹಾರಿಸಿದ ಶೆಲ್ ಮನೆಯ ಮೇಲೆ ಬಿದ್ದು ಇವನ ಅಪ್ಪ ಹೋದರು. ಅಮ್ಮ ಉಳಿದರು. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇಲ್ಲದೆ ನಡೆಯುವುದಿಲ್ಲ.

ಒಂದು ಮಧ್ಯಾಹ್ನ ಅವನು ಕೆಳಗಿಳಿದು ಬಂದು ಕೌಂಟರಿನ ಮುಂದೆ ನಿಂತ. ಅವನ ಕನ್ನಡ ಆಟೋದವರಿಂದ ಮತ್ತು ನನ್ನ ಗಿರಾಕಿಗಳಿಂದ ಕಲಿತದ್ದು.

"ಆಂಟಿ, ಅಮ್ಮ ಅರ್ಧ ಡೋಸ್ ತೊಗೊಳ್ತಾ ಇದಾರೆ. ಅರ್ಧ ತೊಗೊಂಡ್ರೆ ಡಬಲ್ ದಿನ ಬರುತ್ತೆ ಅಂತ."

ಫಾರ್ಮಸಿ ಓದುವವನಿಗೆ ಅರ್ಧ ಡೋಸಿನ ಅರ್ಥ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ದೊಡ್ಡ ದೊಡ್ಡ ಸಂಸ್ಥೆಗಳು ಇದಾವಲ್ಲಪ್ಪ, ಟೀವಿಲಿ ತೋರಿಸ್ತಾರೆ?"

"ಇದಾವೆ ಆಂಟಿ. ಲಾರಿ ತುಂಬಿ ನಿಂತಿದೆ. ಈ ಕಡೆ ಪರ್ಮಿಷನ್ ಬೇಕು, ಆ ಕಡೆ ಪರ್ಮಿಷನ್ ಬೇಕು. ಎರಡೂ ಒಂದೇ ದಿನ ಸಿಗಲ್ಲ. ಇವರು ಕೊಟ್ರೆ ಅವರು ಕೊಡಲ್ಲ."

ನಮ್ಮ ಖಾತಾ ಮಾಡಿಸುವ ಕೆಲಸವೇ ಇದಕ್ಕಿಂತ ಸಲೀಸು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಅವನ ಬಳಿ ಒಂದು ಉಪಾಯವಿತ್ತು. ಅವನ ದೇಶದ ಒಬ್ಬ ಮುದುಕರು ಇಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ಮಗನ ಜೊತೆ ವಾಪಸ್ ಹೊರಟಿದ್ದರು. ಅವರ ಲಗೇಜಿನ ಜೊತೆ, ಡಾಕ್ಟರ ಪತ್ರ ಇಟ್ಟುಕೊಂಡು, ಇನ್ಸುಲಿನ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆಗಳು ಬಂದರಿನ ಊರಿಗೆ ಹೋಗಬಹುದು. ಅಲ್ಲಿ ಅವರದೇ ದೇಶದ ಕೆಲವು ಡಾಕ್ಟರುಗಳು ಸೇರಿಕೊಂಡು ಒಂದು ಲಾರಿ ಓಡಿಸುತ್ತಿದ್ದಾರೆ, ಅದು ಇವನ ಊರಿಗೆ ಹೋಗುತ್ತದೆ. ಒಬ್ಬರಿಗೆ ಎಂದು ಕಳಿಸಿದರೆ ಯಾರೂ ಒಯ್ಯುವುದಿಲ್ಲ, ಆಸ್ಪತ್ರೆಗೆ ಎಂದು ಕಳಿಸಬೇಕು. ಆಸ್ಪತ್ರೆಗೆ ಬಂದರೆ ಅಮ್ಮನಿಗೂ ಸಿಗುತ್ತದೆ. ನಾನು ಒಪ್ಪಿದೆ.

ನಾನು ಮೊದಲು ಮಾಡಿದ ತಪ್ಪು ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸಹಾಯ ಕೇಳಿದ್ದು. ದಾನ ಎಂದರೆ ಬೀರು ಕ್ಲೀನ್ ಮಾಡುವುದು ಎಂದು ನಮ್ಮ ಜನ ತಿಳಿದಿದ್ದಾರೆ. ಸಂಜೆಯೊಳಗೆ ಅಂಗಡಿಯ ಬಾಗಿಲಿಗೆ ಮೂಟೆ ಬಂತು. ಅರ್ಧ ಕುಡಿದ ಕೆಮ್ಮಿನ ಸಿರಪ್ಪು, ಯಾವುದೋ ಕಾಲದಲ್ಲಿ ಡೇಟ್ ಮುಗಿದ ಮಾತ್ರೆ, ಕೂದಲು ಉದುರದಂತೆ ಹಚ್ಚುವ ಎಣ್ಣೆ, ಬಲಗಾಲಿಗೆ ಮಾತ್ರ ಇರುವ ಮಂಡಿಪಟ್ಟಿ. ಒಬ್ಬ ಹೆಂಗಸು ತೂಕ ಇಳಿಸುವ ಪುಡಿ ಕಳಿಸಿದ್ದರು, ಊಟವಿಲ್ಲದ ಊರಿಗೆ. ಫೋನ್ ಮಾಡಿ ಇದು ಬೇಡ ಎಂದರೆ, "ಪಾಪ ಅಲ್ಲಿ ಏನೂ ಇಲ್ವಲ್ರೀ, ಯಾವುದಾದ್ರೇನು" ಎಂದರು. ಇಡೀ ಮೂಟೆಯನ್ನು ನಾನೇ ವಿಲೇವಾರಿ ಮಾಡಬೇಕಾಯಿತು. ನಮ್ಮ ಸಂಜಯನಗರದ ಕರುಣೆ ಅಲ್ಲಿಗೆ ತಲುಪಿದ್ದರೆ ಯುದ್ಧದಲ್ಲಿ ಉಳಿದವರೂ ಉಳಿಯುತ್ತಿರಲಿಲ್ಲ.

ಹೊಸ ಇನ್ಸುಲಿನ್ ಕೊಳ್ಳಬೇಕು, ಅದಕ್ಕೆ ದುಡ್ಡಿರುವವರು ಬೇಕು. ಅಣ್ಣನ ಹತ್ತಿರ ಹೋದೆ.

"ಅಲ್ಲ ಕಣಮ್ಮ, ನಮ್ ಎಬ್ಬಾಳದಲ್ಲೇ ಶುಗರ್ ಇರೋರು ಕಮ್ಮಿ ಅವ್ರಾ? ಅವ್ರಿಗೆ ಕೊಟ್ರೆ ಓಟಾದ್ರೂ ಬೀಳ್ತದೆ."

ಮಾತು ತಪ್ಪೂ ಅಲ್ಲ. ಆದರೆ ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿದ. ಆರ್.ಟಿ.ನಗರದ ಮಸೀದಿ ಕಮಿಟಿಯವರೂ ಇದೇ ಕೆಲಸಕ್ಕೆ ಚಂದಾ ಎತ್ತುತ್ತಿದ್ದಾರೆ ಎಂದು ಅವನಿಗೆ ಯಾರೋ ಹೇಳಿದ್ದರು. ಆ ಕಡೆಯ ಓಟುಗಳ ಮೇಲೆ ಅಣ್ಣನಿಗೆ ಬಹಳ ದಿನದಿಂದ ಕಣ್ಣು.

"ಎಲ್ಲಾ ನಾನೇ ಕೊಡಿಸ್ತೀನಿ. ಆದ್ರೆ ಗಾಡಿ ನನ್ ಆಫೀಸ್ ಮುಂದ್ಲಿಂದ ಒರಡ್ಬೇಕು."

ಚಂದಾದ ದುಡ್ಡು ಸೇರಿಸುತ್ತೇವೆ ಎಂದ ಕಮಿಟಿಯ ಅಧ್ಯಕ್ಷರೂ ನಯವಾಗಿಯೇ ನನಗೆ ತಿಳಿಸಿದರು. "ನೋಡಿ ಮೇಡಂ, ನಮಗೆ ಹೆಸರು ಬೇಡ. ಗಾಡಿ ನಮ್ಮ ಗೇಟಿನಿಂದ ಹೊರಟರೆ ಸಾಕು." ಹೆಸರು ಬೇಡದವರು ಬ್ಯಾನರಿನ ಅಳತೆಯನ್ನೂ ಆಗಲೇ ಕೊಟ್ಟಿದ್ದರು. ಸಮುದ್ರದ ಆಚೆ ಎರಡು ಸೈನ್ಯ ಕಾದಾಡುತ್ತಿದ್ದರೆ, ಈಚೆ ಹೆಬ್ಬಾಳಕ್ಕೂ ಆರ್.ಟಿ.ನಗರಕ್ಕೂ ನಡುವೆ ನಾನು ಓಡಾಡಿ ಸಂಧಾನ ಮಾಡಿದೆ. ಬೆಳಿಗ್ಗೆ ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಒಂದೇ ಟೆಂಪೋ, ಒಂದೇ ದಿನ ಎರಡು ಸಲ ಹೊರಡಬೇಕು.

ಹೊರಡುವ ದಿನ ಅಣ್ಣನ ಆಫೀಸಿನ ಮುಂದೆ ಟೆಂಪೋಗೆ ಬಾಳೆಕಂಬ ಕಟ್ಟಿದ್ದರು. ಚಕ್ರಕ್ಕೆ ನಿಂಬೆಹಣ್ಣು, ಮುಂದೆ ಬೂದುಗುಂಬಳ. ಅಣ್ಣ ಮೈಕ್ ಹಿಡಿದು ವಿಶ್ವಶಾಂತಿಯ ಬಗ್ಗೆ ಮಾತಾಡಿದ, ಅಲ್ಲಿಂದ ಹೆಬ್ಬಾಳದ ಚರಂಡಿಗೆ ಬಂದ, ಚರಂಡಿಯಿಂದ ಮತ್ತೆ ವಿಶ್ವಶಾಂತಿಗೆ ಹೋದ. ಐಸ್ ಪ್ಯಾಕುಗಳು ಬಿಸಿಲಲ್ಲಿ ಬೆವರುತ್ತಿದ್ದವು, ನಾನು ಸ್ಟೇಜಿನ ಮೇಲೆ ಶಾಲು ಹೊದ್ದು ಕುದಿಯುತ್ತಿದ್ದೆ. ಫೋಟೋಗೆ ಹುಡುಗನ ಕೈಗೆ ಒಂದು ಪೆಟ್ಟಿಗೆ ಕೊಟ್ಟು ಅಣ್ಣನ ಪಕ್ಕ ನಿಲ್ಲಿಸಿದರು. ಫೋಟೋಗ್ರಾಫರ್ ಸ್ಮೈಲ್ ಮಾಡಿ ಎಂದ. ಹುಡುಗ ನನ್ನ ಕಡೆ ನೋಡಿದ.

"ನಗ್ಬೇಕಾ ಆಂಟಿ?"

"ನಗಪ್ಪ. ನೀನು ನಗೋವರೆಗೂ ಗಾಡಿ ಬಿಡಲ್ಲ ಇವರು."

ನಕ್ಕ. ಆ ಫೋಟೋ ಈಗಲೂ ಅಣ್ಣನ ಆಫೀಸಿನ ಗೋಡೆಯ ಮೇಲಿದೆ, ಹುಡುಗನಿಗೆ ಹಲ್ಲುನೋವಿದ್ದಂತೆ ಕಾಣುತ್ತದೆ.

ಆರ್.ಟಿ.ನಗರದಲ್ಲಿ ಟೆಂಪೋದ ಬಾಳೆಕಂಬ ಬಿಚ್ಚಿ, ಹಸಿರು ಬ್ಯಾನರ್ ಕಟ್ಟಿ, ದುಆ ಮಾಡಿ ಮತ್ತೆ ಕಳಿಸಿಕೊಟ್ಟರು. ಅಲ್ಲಿ ಬಿರಿಯಾನಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೊನೆಗೆ ಗಾಡಿ ಹೆಬ್ಬಾಳ ಫ್ಲೈಓವರಿನ ಜಾಮಿನಲ್ಲಿ ತನ್ನ ಪಾಲಿನ ತಪಸ್ಸು ಮಾಡಿ, ಯಲಹಂಕ ದಾಟಿ ಏರ್‌ಪೋರ್ಟಿಗೆ ಹೋಯಿತು. ಮುದುಕರೂ ಮಗನೂ ಪೆಟ್ಟಿಗೆಗಳೊಂದಿಗೆ ವಿಮಾನ ಹತ್ತಿದರು.

ಆದರೆ ನಾನು ಸ್ಟೇಜಿನ ಮೇಲಿದ್ದಾಗ ಕೆಳಗೆ ಒಂದು ಕೆಲಸ ಆಗಿಹೋಗಿತ್ತು. ದೊಡ್ಡ ಪೆಟ್ಟಿಗೆಯ ಮೇಲೆ ಒಂದೊಂದು ಸ್ಟಿಕರ್ ಅಂಟಿಸಲು ಅಣ್ಣನಿಗೆ ನಾನೇ ಒಪ್ಪಿಗೆ ಕೊಟ್ಟಿದ್ದೆ. ಅವನ ಹುಡುಗರ ಹತ್ತಿರ ಸ್ಟಿಕರ್ ಮಿಕ್ಕಿತು. ಮಿಕ್ಕಿದ್ದನ್ನು ವೇಸ್ಟ್ ಮಾಡಬಾರದೆಂದು ಅವರು ಥರ್ಮೋಕೋಲ್ ಮುಚ್ಚಳ ತೆಗೆದು, ಒಳಗಿನ ಪ್ರತಿ ಸಣ್ಣ ಡಬ್ಬಿಗೂ ಕೈಮುಗಿದು ನಗುತ್ತಿರುವ ಅಣ್ಣನನ್ನು ಅಂಟಿಸಿದ್ದರು. ಡಬ್ಬಿಯ ಮೇಲೆ ಬಿಳಿ ಜಾಗ ಇರುವುದು ಒಂದೇ ಕಡೆ. ಬ್ಯಾಚ್ ನಂಬರೂ ಎಕ್ಸ್‌ಪೈರಿಯೂ ಇರುವುದು ಅಲ್ಲೇ.

ಬಂದರಿನ ಊರಿನಿಂದ ಮುದುಕರ ಮಗ ಫೋನ್ ಮಾಡಿದಾಗ ಇದು ನನಗೆ ಗೊತ್ತಾಯಿತು. ಹುಡುಗ ಅವನ ಮಾತನ್ನು ನನಗೆ ಕನ್ನಡದಲ್ಲಿ ಹೇಳುತ್ತಾ ಹೋದ. ಅಲ್ಲಿನ ಸೈನ್ಯದ ಅಧಿಕಾರಿ ಡಬ್ಬಿ ತಿರುಗಿಸಿ ನೋಡಿ, ಬ್ಯಾಚ್ ನಂಬರ್ ಎಲ್ಲಿ, ಈ ಮನುಷ್ಯ ಯಾರು, ಔಷಧಿ ತಯಾರಿಸಿದವನಾ ಎಂದು ಕೇಳಿದನಂತೆ. ನನಗೆ ಬಂದ ಸಿಟ್ಟಿಗೆ ಅಣ್ಣ ಎದುರಿಗೆ ಸಿಕ್ಕಿದ್ದರೆ ಅವನ ಹಣೆಗೂ ಒಂದು ಸ್ಟಿಕರ್ ಹೊಡೆಯುತ್ತಿದ್ದೆ. ಸ್ಪಿರಿಟ್ ಹಚ್ಚಿ ಕೀಳಲು ಹೇಳಿದೆ. ಅಣ್ಣನ ಮೂಗಿನ ಜೊತೆ ಎಕ್ಸ್‌ಪೈರಿಯ ತಿಂಗಳೂ ಕಿತ್ತು ಬಂತು. ಡಬ್ಬಿ ತೆರೆದರೆ ಒಳಗಿನ ಸೀಸೆಯ ಮೇಲೂ ನಂಬರ್ ಇದೆ ಎಂದೆ. ತೆರೆದ ಡಬ್ಬಿ ಹೊಸದಲ್ಲ ಎಂದ ಅಧಿಕಾರಿ. ಖರೀದಿಯ ಬಿಲ್ಲನ್ನು ಫೋನಿನಲ್ಲಿ ಕಳಿಸಿದೆ. ಅದರಲ್ಲಿ ಇವರ ಮುಖವಿಲ್ಲವಲ್ಲ, ಡಬ್ಬಿಗೂ ಬಿಲ್ಲಿಗೂ ಏನು ಸಂಬಂಧ ಎಂದು ಕೇಳಿದ.

ನಾನು ತಲೆ ಚಚ್ಚಿಕೊಳ್ಳುತ್ತಿದ್ದರೆ ಹುಡುಗ ಫೋನನ್ನು ಕೌಂಟರಿನ ಮೇಲಿಟ್ಟ.

"ಸ್ಟಿಕರ್ ಒಂದು ನೆಪ ಆಂಟಿ. ಸ್ಟಿಕರ್ ಇಲ್ದಿದ್ರೆ ಟೇಪ್ ಕಲರ್ ಸರಿ ಇಲ್ಲ ಅಂತಿದ್ರು. ನಮ್ಮೂರಿಗೆ ಅಂದ ತಕ್ಷಣ ಅವರಿಗೆ ಬೇಡ. ಆ ಊರಲ್ಲಿ ಇರೋರೆಲ್ಲ ಆ ಕಡೆಯವರು ಅಂತ ಅವರ ಲೆಕ್ಕ."

"ನಿಮ್ಮಮ್ಮ ಯಾವ ಕಡೆಯೋರು?"

"ಅಮ್ಮ ಸ್ಕೂಲ್ ಟೀಚರ್."

ಕೊನೆಗೆ ಅಧಿಕಾರಿ ಒಂದು ದಾರಿ ಹೇಳಿದ. ಮುಕ್ಕಾಲು ಪಾಲು ಬಂದರಿನ ಆಸ್ಪತ್ರೆಗೆ ಬಿಟ್ಟುಕೊಟ್ಟರೆ, ಉಳಿದ ಕಾಲು ಪಾಲಿನ ಡಬ್ಬಿಗಳ ಮೇಲೆ ಬ್ಯಾಚ್ ನಂಬರ್ ಅವನಿಗೆ ಕಾಣಿಸುತ್ತದೆ. ಬಿಟ್ಟುಕೊಟ್ಟರು. ಅವನನ್ನು ಮನಸಾರೆ ಬೈಯಬೇಕೆಂದುಕೊಂಡೆ, ಅದೂ ಆಗಲಿಲ್ಲ. ಆ ಆಸ್ಪತ್ರೆಯಲ್ಲೂ ಇನ್ಸುಲಿನ್ ಇರಲಿಲ್ಲವಂತೆ, ಅಲ್ಲಿ ಮಲಗಿದ್ದವರಿಗೂ ಸಕ್ಕರೆ ಕಾಯಿಲೆಯೇ. ಯಾರನ್ನಾದರೂ ಕಳ್ಳ ಎಂದು ಕರೆದು ಹಗುರಾಗೋಣ ಎಂದರೆ ಈ ಯುದ್ಧದಲ್ಲಿ ಅಷ್ಟು ಸೌಕರ್ಯವೂ ಇಲ್ಲ.

ಕಾಲು ಪಾಲು ಇನ್ಸುಲಿನ್ ಲಾರಿ ಹತ್ತಿತು. ಆಮೇಲೆ ಸುದ್ದಿಯಿಲ್ಲ. ಅವನ ಊರಿನಲ್ಲಿ ಫೋನ್ ಸಿಗ್ನಲ್ ಇಲ್ಲ, ಒಂದು ಚಹಾದಂಗಡಿಯವನ ಹತ್ತಿರ ಸ್ಯಾಟಲೈಟ್ ಇಂಟರ್ನೆಟ್ ಇದೆ, ಅಲ್ಲಿಗೆ ನಡೆದು ಹೋದವರ ವಾಯ್ಸ್ ಮೆಸೇಜುಗಳು ವಾರಕ್ಕೋ ಹದಿನೈದು ದಿನಕ್ಕೋ ಒಟ್ಟಿಗೆ ಬಂದು ಬೀಳುತ್ತವೆ. ಅಮ್ಮನ ಮೆಸೇಜ್ ನಿಂತುಹೋಯಿತು. ಹುಡುಗ ಕಾಲೇಜಿನಿಂದ ಬಂದವನು ಮೇಲೆ ಹೋಗದೆ ಅಂಗಡಿಯಲ್ಲೇ ಕೂರತೊಡಗಿದ. ಅಷ್ಟು ದೂರ ನಡೆಯಲು ಅಮ್ಮನಿಗೆ ಆಗುತ್ತಿಲ್ಲವೇನೋ ಎಂದು ಒಂದು ಸಲ ಹೇಳಿದ.  ಸಕ್ಕರೆ ಹದ ತಪ್ಪಿದವರಿಗೆ ಮೊದಲು ಏನಾಗುತ್ತದೆ, ಆಮೇಲೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ದಿನಗಳಲ್ಲಿ ನನಗೆ ನಿಜವಾಗಿಯೂ ಭಯವಾಗಿತ್ತು. ಇನ್ಸುಲಿನ್ ಕೇಳಿ ಬಂದ ಪ್ರತಿ ಗಿರಾಕಿಗೂ ಫ್ರಿಜ್ಜಿನಿಂದ ಡಬ್ಬಿ ತೆಗೆದುಕೊಡುವಾಗ, ಒಂದು ಫೋನ್ ಮಾಡಿದರೆ ನಾಳೆ ಇನ್ನಷ್ಟು ಬರುತ್ತದಲ್ಲ ಎಂದು ನಾಚಿಕೆಯಾಗುತ್ತಿತ್ತು.

ಒಂದು ಭಾನುವಾರ ಅವನು ಮೆಟ್ಟಿಲು ಹಾರಿಕೊಂಡು ಬಂದು ಫೋನನ್ನು ನನ್ನ ಮುಂದೆ ಹಿಡಿದ. ಪಡೆಯವರು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಫೋಟೋ. ಅವರ ಕಮಾಂಡರ್ ಸಾಹೇಬ ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಜನರಿಗೆ ಔಷಧಿ ಹಂಚುತ್ತಿದ್ದ. ನಮ್ಮದೇ ಡಬ್ಬಿಗಳು. ದೊಡ್ಡದು ಮಾಡಿ ನೋಡಿದೆ. ಅಲ್ಲೂ ಸ್ಟಿಕರ್ ಮಾಡಿಸಿದ್ದರು. ಆದರೆ ಕಮಾಂಡರಿನ ಸ್ಟಿಕರ್ ಅಳತೆಯಲ್ಲಿ ಚಿಕ್ಕದು, ಅಣ್ಣನ ಮುಖದ ಮೇಲೆ ಸರಿಯಾಗಿ ಕೂತು ಕೆಳಗಿನದನ್ನು ಬಿಟ್ಟಿತ್ತು. ಮೇಲೆ ಕನ್ನಡಕದ ಕಮಾಂಡರ್, ಕೆಳಗೆ ಅಣ್ಣನ ಮುಗಿದ ಕೈ, ಬಿಳಿ ಅಂಗಿ, ಹೆಗಲ ಮೇಲೆ ಶಾಲು. ನಾನು ನಕ್ಕುಬಿಟ್ಟೆ. ಹುಡುಗ ನಗಲಿಲ್ಲ. ಫೋಟೋವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ.

"ಇದು ಅಮ್ಮ."

ತುಂಬಾ ತೆಳ್ಳಗಿದ್ದರು. ಕಮಾಂಡರಿನ ಪಕ್ಕದಲ್ಲೇ ನಿಂತು, ಡಬ್ಬಿಗಳನ್ನು ಎದೆಯ ಹತ್ತಿರ ಹಿಡಿದು, ಕ್ಯಾಮೆರಾ ನೋಡಿ ನಗುತ್ತಿದ್ದರು.

ಅದೇ ಹೊತ್ತಿಗೆ ಅಣ್ಣ ಬಂದ. ಅವನ ಹುಡುಗರು ಎಲ್ಲಿಂದಲೋ ಫೋಟೋ ಹುಡುಕಿ ಅವನಿಗೂ ಕಳಿಸಿದ್ದರು.

"ನೋಡಿದ್ಯಾ ಇವ್ನ್ ಕೆಲ್ಸಾನ? ನಾನ್ ಕೊಡ್ಸಿದ್ ಮಾಲು, ಮುಖ ಇವ್ನುದು. ಯಾವನಮ್ಮ ಇವ್ನು, ಇವ್ನಿಗೇನ್ ಮಾನ ಮರ್ಯಾದೆ ಇಲ್ವಾ?"

"ಅಣ್ಣಾ, ಪಕ್ಕದಲ್ಲಿರೋದು ಈ ಹುಡುಗನ ತಾಯಿ. ಇವನ ಅಪ್ಪನ್ನ ಕೊಂದಿದ್ದು ಆ ಕನ್ನಡಕದೋನ ಕಡೆಯೋರೇ."

ಅಣ್ಣ ಫೋನಿನಲ್ಲಿ ಆ ಹೆಂಗಸನ್ನು ನೋಡಿದ, ಹುಡುಗನನ್ನು ನೋಡಿದ. ಸ್ಟೂಲು ಎಳೆದುಕೊಂಡು ಕೂತ. ಅವನು ಹಾಗೆ ಮಾತಿಲ್ಲದೆ ಕೂತಿದ್ದನ್ನು ನಾನು ಅಪ್ಪ ಸತ್ತ ದಿನ ಬಿಟ್ಟರೆ ಕಂಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಹುಡುಗನ ಬೆನ್ನು ತಟ್ಟಿ ಹೇಳಿದ.

"ಇನ್ನೊಂದ್ ಲೋಡ್ ಕಳ್ಸವ. ಈ ಸಲ ಎಕ್ಸ್‌ಪೈರಿ ಬಿಟ್ಟು ಅಂಟ್ಸಿ ಅಂತ ಉಡುಗ್ರಿಗೆ ಏಳ್ತೀನಿ."

ಅವನನ್ನು ತಿದ್ದುವ ಆಸೆಯನ್ನು ನಾನು ಅವತ್ತೇ ಬಿಟ್ಟೆ.

ಹುಡುಗನಿಗೆ ಮಾತ್ರ ಸಮಾಧಾನವಿರಲಿಲ್ಲ. ಅಮ್ಮ ಬದುಕಿದ್ದಾರೆ, ಔಷಧಿ ಕೈ ಸೇರಿದೆ, ಅದೇ ಬೇಕಿತ್ತು. ಆದರೆ ಅಮ್ಮ ನಕ್ಕಿದ್ದರು. ಆ ಕಮಾಂಡರಿನ ಪಕ್ಕ ನಿಂತು ಯಾಕೆ ನಕ್ಕೆ, ಅಪ್ಪನ ನೆನಪಾಗಲಿಲ್ಲವಾ ಎಂದು ಸಿಟ್ಟಿನಲ್ಲಿ ಮೆಸೇಜ್ ಕಳಿಸಿದ. ಕಳಿಸಿದ ಮೇಲೆ ಊಟ ಬಿಟ್ಟ. ನಾನು ಮುದ್ದೆ ಮಾಡಿ ಕಳಿಸಿದರೆ ತಟ್ಟೆ ಹಾಗೇ ವಾಪಸ್ ಬರುತ್ತಿತ್ತು.

ಉತ್ತರ ಬಂದಾಗ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅಮ್ಮನ ದನಿ ಮೇಷ್ಟರ ದನಿಯೇ, ತಡವರಿಕೆಯಿಲ್ಲ. ಅವನು ನಿಲ್ಲಿಸಿ ನಿಲ್ಲಿಸಿ ನನಗೆ ಹೇಳಿದ.

"ಅಮ್ಮ ಹೇಳ್ತಾರೆ, ನನ್ನ ಮುಂದೆ ಇದ್ದ ಹೆಂಗಸು ಮುಖ ಮುಚ್ಕೊಂಡಳು. ಫೋಟೋ ಬೇಡ ಅಂದಳು. ಅವಳಿಗೆ ಒಂದೂ ಕೊಡಲಿಲ್ಲ. ನಾನು ನಕ್ಕೆ. ಅವಳದೂ ಸೇರಿಸಿ ಕೊಡಿ ಅಂತ ನಗ್ತಾನೇ ಕೇಳಿದೆ. ಕೊಟ್ಟ. ಅವಳ ಮನೆಗೆ ಹೋಗಿ ಕೊಟ್ಟು ಬಂದೆ." ಅವನು ಮೂಗು ಒರೆಸಿಕೊಂಡ. "ಅಪ್ಪನ ನೆನಪು ಮಾಡಿಸೋಕೆ ನೀನು ಬೆಂಗಳೂರಿಂದ ಮೆಸೇಜ್ ಕಳಿಸ್ಬೇಕಾಗಿಲ್ಲ ಅಂತ ಹೇಳ್ತಾರೆ. ಊಟ ಮಾಡು ಅಂತಾರೆ."

ನನ್ನ ಕಣ್ಣು ತುಂಬಿತ್ತು. ಗಿರಾಕಿ ಒಬ್ಬರು ಬಂದು ನೋವಿನ ಮಾತ್ರೆ ಕೇಳಿದರು, ಕೊಟ್ಟು ಕಳಿಸಿದೆ. ಮೆಸೇಜಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಕೇಳಿ ಹುಡುಗ ನನ್ನ ಮುಖ ನೋಡಿದ.

"ಡಬ್ಬಿ ಮನೆಗೆ ತೊಗೊಂಡ್ ಹೋಗಿ ಅವನ ಸ್ಟಿಕರ್ ಕಿತ್ತರಂತೆ. ಕೆಳಗೆ ಇನ್ನೊಂದು ಮುಖ ಇದೆ, ಇವರು ಯಾರು ಅಂತ ಕೇಳ್ತಾರೆ. ಒಳ್ಳೆಯವರಾ ಅಂತ."

 ಅಣ್ಣನ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಯೋಚಿಸಿದೆ. ಬೆಂಚು, ಚರಂಡಿಯ ಭಾಷಣ, ಕೆರೆಯಂಚಿನಲ್ಲಿ ಅವನು ಒತ್ತರಿಸಿಕೊಂಡ ಮೂರು ಅಡಿ ಜಾಗ, ಓಟಿನ ಲೆಕ್ಕ. ಹುಡುಗ ಫೋನಿನ ಮೈಕ್ ಒತ್ತಿ ಹಿಡಿದು ಕಾಯುತ್ತಿದ್ದ.

"ನಮ್ಮಣ್ಣ ಅಂತ ಹೇಳಪ್ಪ. ಯಾರನ್ನೂ ಕೊಂದಿಲ್ಲ ಅಂತ ಹೇಳು."

ಅವನು ಅದನ್ನೇ ತನ್ನ ಭಾಷೆಯಲ್ಲಿ ಹೇಳಿ ಕಳಿಸಿದ. ಆ ದಿನ ಅವರು ಇನ್ನೂ ಚಹಾದಂಗಡಿಯಲ್ಲೇ ಇದ್ದರೆಂದು ಕಾಣುತ್ತದೆ, ಉತ್ತರ ತಕ್ಷಣ ಬಂತು. ಚಿಕ್ಕದು, ಎರಡೇ ಮಾತು. ಅರ್ಥ ಹೇಳು ಎಂದು ನಾನು ಅವನನ್ನು ಮತ್ತೆ ಮತ್ತೆ ಕೇಳಬೇಕಾಯಿತು.

"ಹಾಗಾದ್ರೆ ಒಳ್ಳೆಯವರು" ಎಂದಿದ್ದರು.